ಎಣ್ಣೆ ಯಾರದು, ಮರ ಯಾರದು?



ಕಳೆದ ಸಂಚಿಕೆಯ ಅಂಕಣ ಓದಿದ ಹುಡುಗಿಯೊಬ್ಬಳು ನನಗೊಂದು ಪ್ರಶ್ನೆ ಬರೆದು ಕಳಿಸಿದ್ದಾಳೆ. ಅವಳು ಚಿತ್ರಕಲೆ ಕಲಿಯುತ್ತಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ. "ಆಂಟಿ, ನನಗೆ ಎಣ್ಣೆಬಣ್ಣ ಇಷ್ಟ. ಅದು ಯೂರೋಪಿನವರದು ಎನ್ನುತ್ತಾರೆ. ಮನೆಯಲ್ಲಿ 'ನಮ್ಮ ಸಂಸ್ಕೃತಿಯದು ಏನಾದರೂ ಬರಿ' ಎನ್ನುತ್ತಾರೆ. ಮೈಸೂರನ್ನು ನಾನು ನೋಡಿರುವುದೇ ರಜೆಯಲ್ಲಿ ಎರಡು ಸಲ. ಕನ್ನಡ ಮಾತಾಡುತ್ತೇನೆ, ಓದುವಾಗ ತಡವರಿಸುತ್ತೇನೆ. ನನ್ನ ಚಿತ್ರದಲ್ಲಿ 'ನಮ್ಮದು' ಎನ್ನುವುದು ಎಲ್ಲಿಂದ ಬರಬೇಕು?"

ಇದು ಚಿತ್ರ ಬರೆಯುವವರ ಪ್ರಶ್ನೆ ಮಾತ್ರ ಅಲ್ಲ. ನೀವೆಲ್ಲ ಕನ್ನಡದ ಮನೆಯಲ್ಲಿ ಹುಟ್ಟಿ, ತಮಿಳಿನ ಬೀದಿಯಲ್ಲಿ ಆಡಿ, ಇಂಗ್ಲಿಷ್ ಶಾಲೆಯಲ್ಲಿ ಓದಿದವರು. "ನಾನು ಅರ್ಧ ಕನ್ನಡಿಗ" ಎಂದು ನಿಮ್ಮಲ್ಲಿ ಕೆಲವರು ನಗುತ್ತಲೇ ಹೇಳುವುದನ್ನು ಕೇಳಿದ್ದೇನೆ. ಆ ನಗೆಯ ಹಿಂದೆ ಸಣ್ಣದೊಂದು ನೋವು ಇರುವುದೂ ನನಗೆ ಗೊತ್ತು. ಆದ್ದರಿಂದ ಈ ಸಲ ಒಬ್ಬ ಚಿತ್ರಕಾರರ ವಿಷಯ ಬರೆಯುತ್ತೇನೆ. ಮೈಸೂರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಕಲಿತು, ಯೂರೋಪಿನಿಂದ ಬಂದ ಎಣ್ಣೆಬಣ್ಣದಲ್ಲಿ ನಮ್ಮದೇ ಒಂದು ಮರವನ್ನು ಬೆಳೆಸಿದ ಎಸ್.ಜಿ. ವಾಸುದೇವ್ ಅವರ ವಿಷಯ. ಅವರಲ್ಲಿಗೆ ಹೋಗುವ ಮುಂಚೆ ನಮ್ಮ ನೆರೆಯಲ್ಲೇ ಒಂದು ಸುತ್ತು ಬರೋಣ.

ನಮ್ಮ ತಿರುವೊಟ್ಟಿಯೂರಿನ ಪಕ್ಕದ ಮಣಲಿ ಎಂದರೆ ನಿಮಗೆ ತೈಲ ಶುದ್ಧೀಕರಣದ ಕಾರ್ಖಾನೆಯೇ ನೆನಪಿಗೆ ಬರುತ್ತದೆ. ಅದು ಬರುವುದಕ್ಕೆ ಬಹಳ ಮೊದಲು, ಮಣಲಿಯ ಮೊದಲಿಯಾರರ ಆಶ್ರಯದಲ್ಲಿ ಮುತ್ತುಸ್ವಾಮಿ ದೀಕ್ಷಿತರ ಕುಟುಂಬ ಇಲ್ಲಿತ್ತು. 1786ರಲ್ಲಿ ಹುಟ್ಟಿದ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ಸಂಗೀತಗಾರರೊಬ್ಬರಿಂದ ಪಿಟೀಲು ಕಲಿತು, ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಯೂರೋಪಿನವರು ನಿಂತು, ಗಲ್ಲದ ಕೆಳಗೆ ಹಿಡಿದು ನುಡಿಸುವ ವಾದ್ಯವನ್ನು ನಮ್ಮವರು ಚಕ್ಕಳಮಕ್ಕಳ ಕುಳಿತು, ಅದರ ತುದಿಯನ್ನು ಪಾದದ ಮೇಲೆ ಊರಿ ನುಡಿಸಿದರು. ಹಾಗೆ ಊರಿಕೊಂಡರೆ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸ ಇಲ್ಲ. ಬೆರಳು ತಂತಿಯ ಮೇಲೆ ಸರಾಗವಾಗಿ ಜಾರುತ್ತದೆ, ಗಮಕ ಬರುತ್ತದೆ. ತಂತಿಗಳ ಶ್ರುತಿಯನ್ನೂ ನಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು. ಮುಂದೆ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿ ಹಾಕಿಸಿಕೊಂಡು ನುಡಿಸಿದರು. ಇವತ್ತು ಪಿಟೀಲು ಇಲ್ಲದ ಕಚೇರಿ ಅಪರೂಪ. ಅದನ್ನು ಯಾರಾದರೂ ಅರ್ಧ ನಮ್ಮದು, ಅರ್ಧ ಪರರದು ಎನ್ನುತ್ತಾರೆಯೇ?

ಎಣ್ಣೆಬಣ್ಣದ ಕಥೆಯೂ ಹೀಗೇ ಶುರುವಾಗುತ್ತದೆ. ಆ ಎಣ್ಣೆ ಯಾವುದು ಗೊತ್ತೇ? ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆಗೆ ಬಡಿಸುತ್ತಾರಲ್ಲ, ಆ ಚಟ್ನಿಪುಡಿಯ ಅಗಸೆ ಬೀಜದಿಂದ ತೆಗೆದದ್ದು. ಯೂರೋಪಿನಲ್ಲಿ ಅದೇ ಗಿಡದ ನಾರಿನಿಂದ ಲಿನನ್ ಬಟ್ಟೆ ನೇಯ್ದು, ಅದನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ಅದೇ ಗಿಡದ ಎಣ್ಣೆಯಲ್ಲಿ ಅರೆದ ಬಣ್ಣ ಹಚ್ಚಿದರು. ಈ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ದಿನಗಟ್ಟಲೆ ಸಮಯ ತೆಗೆದುಕೊಂಡು, ಒಂದು ಪೊರೆಯಾಗಿ ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಬಣ್ಣ ಹಸಿಯಾಗಿರುವುದರಿಂದ ಬೆಳಕು ನೆರಳಿಗೆ ತಿರುಗುವ ಜಾಗವನ್ನು ನಯವಾಗಿ ಬೆರೆಸಬಹುದು. ಪದರದ ಮೇಲೆ ಪದರ ಹಚ್ಚಬಹುದು. ಆದರೆ ಮೊದಲ ಪದರಗಳಲ್ಲಿ ಎಣ್ಣೆ ಕಡಿಮೆ ಇರಬೇಕು, ಮೇಲೆ ಹೋದಂತೆ ಹೆಚ್ಚಬೇಕು. ತಪ್ಪಿದರೆ ಮುಂದೆ ಬಿರುಕು ಬಿಡುತ್ತದೆ. ಅಡುಗೆಯ ಹದದ ಹಾಗೆ ಇದನ್ನೂ ಕೈಯಿಂದಲೇ ಕಲಿಯಬೇಕು.

ನಮ್ಮ ಮೈಸೂರು ಶೈಲಿಯ ಚಿತ್ರದ ದಾರಿ ಬೇರೆ. ಅಲ್ಲಿ ಹಲಗೆಗೆ ಕಾಗದ ಅಂಟಿಸಿ, ರೇಖೆ ಎಳೆದು, ಒಡವೆ ಅಂಚುಗಳಿರುವ ಕಡೆ ಮಕ್ಕಿ ಸಫೇದವನ್ನು ತೆಳ್ಳಗೆ ಉಬ್ಬಿಸಿ ಚಿನ್ನದ ರೇಕು ಹಾಕುತ್ತಾರೆ. ದೇವಿಯ ಮುಖದ ಮೇಲೆ ಬೆಳಕು ಕಿಟಕಿಯ ಒಂದು ಮಗ್ಗುಲಿನಿಂದ ಬಿದ್ದಂತೆ ಬರೆಯುವುದಿಲ್ಲ. ನೆಲದ ಮೇಲೆ ಅವಳ ನೆರಳು ಬೀಳುವುದಿಲ್ಲ. ದೇವರೇ ಬೆಳಕಾದ ಮೇಲೆ ನೆರಳು ಎಲ್ಲಿಯದು?

ಈ ಎರಡು ದಾರಿಗಳನ್ನು ಸೇರಿಸಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ರಾಜಾ ರವಿವರ್ಮ (1848–1906). 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ಬಂತು. ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರ ಅದು. ಎಣ್ಣೆಬಣ್ಣದಲ್ಲಿ ಅವರು ಬರೆದ ಸರಸ್ವತಿ, ಲಕ್ಷ್ಮಿಯರು ಅಚ್ಚಿನ ಪಟಗಳಾಗಿ ಮನೆಮನೆಗೆ ಬಂದರು. ನಿಮ್ಮ ಅಜ್ಜಿ ದಿನವೂ ಹೂವಿಟ್ಟು ಕೈಮುಗಿಯುವ ಸರಸ್ವತಿ ಯೂರೋಪಿನ ಕುಂಚದಿಂದ ಇಳಿದು ಬಂದವಳು ಎಂದರೆ ಅಜ್ಜಿ ನಂಬುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಅವರ ಮೂಲ ಚಿತ್ರಗಳನ್ನೇ ನೋಡಬಹುದು.

ಆದರೆ ರವಿವರ್ಮರ ಚಿತ್ರದಲ್ಲಿ ಕಥೆ ನಮ್ಮದು, ಸೀರೆ ನಮ್ಮದು, ನೋಡುವ ರೀತಿ ಮಾತ್ರ ಯೂರೋಪಿನದು. ಬೆಳಕು ಒಂದು ಕಡೆಯಿಂದ ಬೀಳುತ್ತದೆ, ನೆರಳು ಇನ್ನೊಂದು ಕಡೆಗೆ ಸರಿಯುತ್ತದೆ. ಮುಂದಿನ ತಲೆಮಾರಿನವರು ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದರು: ವಿಷಯ ಮಾತ್ರ ನಮ್ಮದಾದರೆ ಸಾಕೇ? ನೋಡುವ ರೀತಿಯೂ ನಮ್ಮದಾಗಬಾರದೇ?

ಈ ಪ್ರಶ್ನೆಯನ್ನು ಬಲವಾಗಿ ಕೇಳಿದ ಒಂದು ಜಾಗ ನಮ್ಮ ಚೆನ್ನೈಯಲ್ಲೇ ಇದೆ. ಎಗ್ಮೋರ್ ಬಳಿಯ ಸರ್ಕಾರಿ ಕಲಾಶಾಲೆ. ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರು 1850ರಲ್ಲಿ ಅದನ್ನು ಶುರುಮಾಡಿದರು. 1957ರಿಂದ 1967ರವರೆಗೆ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಕೆ.ಸಿ.ಎಸ್. ಪಣಿಕ್ಕರ್. ಅವರು ಯೂರೋಪ್ ನೋಡಿ ಬಂದವರು, ಎಣ್ಣೆಬಣ್ಣವನ್ನು ಬಲ್ಲವರು. 1963ರ ಸುಮಾರಿಗೆ ಅವರು 'ಪದಗಳು ಮತ್ತು ಸಂಕೇತಗಳು' ಎಂಬ ಚಿತ್ರಮಾಲೆ ಶುರುಮಾಡಿದರು. ಹಳೆಯ ಜಾತಕದ ಹಾಳೆಯ ಹಾಗೆ ಅದರಲ್ಲಿ ಕುಂಡಲಿ, ಅಂಕಿ, ಸಾಲುಸಾಲು ಅಕ್ಷರ. ಆದರೆ ಓದಲು ಹೋದರೆ ಓದಲಾಗದು. ಅದು ಅಕ್ಷರದ ರೂಪ ಮಾತ್ರ. ಕನ್ನಡ ಅಕ್ಷರ ನೋಡಿದರೆ ಚಿತ್ರ ನೋಡಿದ ಹಾಗೆ ಆಗುತ್ತದೆ ಎಂದು ನಾಚಿಕೊಳ್ಳುವ ಮಕ್ಕಳಿಗೆ ಈ ಮಾತು ಹೇಳಬೇಕೆನಿಸುತ್ತದೆ. ಹಾಗೆ ನೋಡುವುದೂ ಒಂದು ನೋಟವೇ. ಅಲ್ಲಿಗೇ ನಿಲ್ಲಬೇಡಿ, ಅಷ್ಟೆ.

ಇದೇ ಕಾಲದಲ್ಲಿ ಬಹು ದೂರದಲ್ಲಿ ಇನ್ನೊಬ್ಬರು ಇಂಥದೇ ಹುಡುಕಾಟದಲ್ಲಿದ್ದರು. ಚೀನಾದ ಜಾವೊ ವೂ-ಕಿ (1920–2013). ಬೀಜಿಂಗಿನಲ್ಲಿ ಹುಟ್ಟಿ, 1948ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲೇ ನೆಲೆಸಿದವರು. ಅವರು ಕೂಡ ಎಣ್ಣೆಬಣ್ಣದವರೇ. 1950ರ ದಶಕದ ನಡುವೆ ಅವರ ಚಿತ್ರಗಳಲ್ಲಿ ಹಳೆಯ ಚೀನೀ ಲಿಪಿಯ ಆಕಾರಗಳು ಕಾಣಿಸಿಕೊಂಡವು. ಸಾವಿರಾರು ವರ್ಷಗಳ ಹಿಂದೆ ಎತ್ತಿನ ಮೂಳೆ, ಆಮೆಯ ಚಿಪ್ಪುಗಳ ಮೇಲೆ ಶಕುನ ಕೇಳಲು ಕೊರೆದಿದ್ದ ಲಿಪಿ ಅದು. ಮನೆಯಿಂದ ಅಷ್ಟು ದೂರ ಹೋದ ಮೇಲೆ ಮನೆಯ ಅತಿ ಹಳೆಯ ಗೆರೆ ಅವರ ಕೈಗೆ ಬಂತು. ಪ್ಯಾರಿಸ್ಸಿನಲ್ಲಾಗಲಿ ಮದರಾಸಿನಲ್ಲಾಗಲಿ, ಪ್ರಶ್ನೆ ಒಂದೇ ಆಗಿತ್ತು.

ಈಗ ವಾಸುದೇವ್. ಅವರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. 1960ರಲ್ಲಿ ಮದರಾಸಿನ ಕಲಾಶಾಲೆಗೆ ಬಂದು, 1968ರವರೆಗೆ ಅಲ್ಲಿ ಕಲಿತರು. ಎಂಟು ವರ್ಷ! ಒಂದು ತಿಂಗಳ ರಜಾ ಶಿಬಿರದಲ್ಲಿ ಎಲ್ಲ ಕಲಿತು ಮುಗಿಸಬೇಕೆನ್ನುವ ನಾವು ಈ ಲೆಕ್ಕವನ್ನು ಗಮನಿಸಬೇಕು. ಆ ನಡುವೆ 1966ರಲ್ಲಿ ಪಣಿಕ್ಕರರ ಮುಂದಾಳುತನದಲ್ಲಿ ಕಲಾವಿದರೆಲ್ಲ ಸೇರಿ ನಗರದ ದಕ್ಷಿಣಕ್ಕೆ, ಕಡಲ ಪಕ್ಕದ ಇಂಜಂಬಾಕ್ಕಂನಲ್ಲಿ ಜಮೀನು ಕೊಂಡು ಚೋಳಮಂಡಲ ಕಲಾಗ್ರಾಮ ಕಟ್ಟಿದರು. ಆಗ ಆಧುನಿಕ ಚಿತ್ರಕ್ಕೆ ಕೊಳ್ಳುವವರು ಎಲ್ಲಿದ್ದರು? ಹೊಟ್ಟೆಪಾಡಿಗೆ ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿದರು. ಬಾಟಿಕ್ ಕೂಡ ಜಾವಾದಿಂದ ಹೆಸರಾದ ಕಲೆ. ಎರವಲಾಗಿ ಬಂದ ಇನ್ನೊಂದು ಕಲೆಯೇ ಇವರ ಚಿತ್ರಕಲೆಗೆ ಅನ್ನ ಹಾಕಿತು. ವಾಸುದೇವ್ ಆ ಗ್ರಾಮವನ್ನು ಕಟ್ಟಿದವರಲ್ಲಿ ಒಬ್ಬರು. ಕಲಾವಿದೆಯಾಗಿದ್ದ ಅವರ ಪತ್ನಿ ಅರ್ನವಾಜ್ ಕೂಡ ಅಲ್ಲಿಯವರೇ. 1988ರಲ್ಲಿ ಆಕೆ ತೀರಿಕೊಂಡರು. ಅನಂತರ ವಾಸುದೇವ್ ಬೆಂಗಳೂರಿಗೆ ಹೋದರು. ಆಕೆಯ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಏರ್ಪಾಡು ಮಾಡಿದರು.

ಅವರನ್ನು ಹೆಸರುವಾಸಿ ಮಾಡಿದ್ದು 'ವೃಕ್ಷ' ಚಿತ್ರಮಾಲೆ. ಅದಕ್ಕೆ ಪ್ರೇರಣೆ ಬಂದದ್ದು ದ.ರಾ. ಬೇಂದ್ರೆಯವರ ಕಲ್ಪವೃಕ್ಷದ ಕಲ್ಪನೆಯಿಂದ. ಯೋಚಿಸಿ ನೋಡಿ: ಮೈಸೂರಿನ ಹುಡುಗ, ಮಲಯಾಳಿ ಗುರು, ತಮಿಳುನಾಡಿನ ಕಡಲತೀರ, ಧಾರವಾಡದ ಕವಿಯ ಮರ, ಯೂರೋಪಿನ ಬಣ್ಣ. ಆ ಮರ ತೋಟದಲ್ಲಿ ನೋಡಿ ಬರೆದ ಮರ ಅಲ್ಲ. ಅದರ ಕೊಂಬೆಗಳ ನಡುವೆ ಹಕ್ಕಿ ಇದೆ, ಪ್ರಾಣಿ ಇದೆ, ಗಂಡುಹೆಣ್ಣಿನ ಮುಖಗಳಿವೆ. ಒಂದು ಕಡೆಯಿಂದ ಬೆಳಕು ಬಿದ್ದು ಇನ್ನೊಂದು ಕಡೆ ನೆರಳಾಗುವ ಹಳೆಯ ಎಣ್ಣೆಚಿತ್ರದ ನಿಯಮ ಅಲ್ಲಿ ನಡೆಯುವುದಿಲ್ಲ.

ಅದನ್ನು ಅವರು ಮಾಡುವ ಬಗೆ ಇನ್ನೂ ಸೊಗಸು. ಕ್ಯಾನ್‌ವಾಸಿನ ಮೇಲೆ ಬಣ್ಣದ ಪದರಗಳನ್ನು ಹಚ್ಚಿ, ಆಮೇಲೆ ಅದನ್ನು ಕೆರೆಯುತ್ತಾರೆ, ಗೀರುತ್ತಾರೆ. ಗೀರಿದ ಕಡೆ ಒಳಗಿನ ಬಣ್ಣ ಗೆರೆಯಾಗಿ ಹೊರಗೆ ಬರುತ್ತದೆ. ಅಂದರೆ ಗೆರೆ ಹಚ್ಚಿದ್ದಲ್ಲ, ತೆಗೆದದ್ದು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಿರಿಯರ ಓಲೆಗರಿ. ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಆಮೇಲೆ ಮಸಿ ಸವರಿದರೆ ಕೊರೆದ ಕಡೆ ಮಾತ್ರ ಕಪ್ಪು ನಿಲ್ಲುತ್ತಿತ್ತು. ನಮ್ಮ ಭಾಷೆಯಲ್ಲಿ ಚಿತ್ರವನ್ನೂ 'ಬರೆ' ಎನ್ನುತ್ತೇವೆ, ಅಕ್ಷರವನ್ನೂ 'ಬರೆ' ಎನ್ನುತ್ತೇವೆ. ಇಂಗ್ಲಿಷ್ ಬಿ.ಎ. ಓದಿದ ನನಗೆ ಆ ಭಾಷೆಯಲ್ಲಿ ಎರಡಕ್ಕೂ ಎರಡು ಮಾತು ಕಲಿತದ್ದು ನೆನಪಿದೆ. ನಮ್ಮಲ್ಲಿ ಮಾತು ಒಂದೇ. ನಿಧಾನವಾಗಿ ಒಣಗುವ ಅಗಸೆ ಎಣ್ಣೆ ಯೂರೋಪಿನವರಿಗೆ ನೆರಳು ಬೆಳಕು ಬೆರೆಸಲು ಅನುಕೂಲವಾದರೆ, ಇವರಿಗೆ ಬರೆಯಲು, ಕೊರೆಯಲು ಅನುಕೂಲವಾಯಿತು. ಪಿಟೀಲನ್ನು ಪಾದದ ಮೇಲೆ ಊರಿಕೊಂಡ ಹಾಗೆಯೇ ಇದು. ವಾದ್ಯ ಅದೇ, ಕೂರುವ ರೀತಿ ನಮ್ಮದು.

ವಾಸುದೇವ್ ಎಣ್ಣೆಬಣ್ಣಕ್ಕೇ ಕಟ್ಟುಬೀಳಲಿಲ್ಲ. ತಾಮ್ರದ ತಗಡನ್ನು ಬಡಿದು ಉಬ್ಬುಚಿತ್ರ ಮಾಡಿದರು. ನೇಕಾರರ ಜೊತೆಗೂಡಿ ರೇಷ್ಮೆಯಲ್ಲಿ ಚಿತ್ರ ನೇಯಿಸಿದರು. 1993ರಲ್ಲಿ ಕವಿ ಎ.ಕೆ. ರಾಮಾನುಜನ್ ತೀರಿಕೊಂಡ ಮೇಲೆ ಅವರ ಕವಿತೆಗಳನ್ನು ಮನಸ್ಸಿನಲ್ಲಿಟ್ಟು ಚಿತ್ರಗಳನ್ನು ಬರೆದರು. 1970ರ 'ಸಂಸ್ಕಾರ' ಚಲನಚಿತ್ರಕ್ಕೆ ಕಲಾನಿರ್ದೇಶಕರೂ ಅವರೇ. ಆ ಚಿತ್ರದ ಕಥೆ ಕೇಳಿ. ಕಾದಂಬರಿ ಅನಂತಮೂರ್ತಿಯವರದು, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಕ್ಯಾಮರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರು ಆ ವರ್ಷಗಳಲ್ಲಿ ಮದರಾಸಿನ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದವರು. ಚಿತ್ರೀಕರಣ ನಡೆದದ್ದು ಮಲೆನಾಡಿನಲ್ಲಿ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಹಿಡಿಯಿತು. ಬಿಡುಗಡೆಯಾದ ಮೇಲೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದಕ್ಕಿಂತ ಹೆಚ್ಚು ಕನ್ನಡದ ಚಿತ್ರ ಯಾವುದು, ಹೇಳಿ!

ಇನ್ನು ಆ ಹುಡುಗಿಯ ಪ್ರಶ್ನೆ. ನಿನ್ನ ಎಣ್ಣೆಬಣ್ಣದ ಬಗ್ಗೆ ಸಂಕೋಚ ಬೇಡ ಮಗಳೇ. ಅದನ್ನು ಚೆನ್ನಾಗಿ ಕಲಿ, ವರ್ಷಗಟ್ಟಲೆ ಕಲಿ. ಆದರೆ ಕ್ಯಾನ್‌ವಾಸಿನ ಮೂಲೆಯಲ್ಲಿ ಒಂದು ಕಲಶ, ಒಂದು ರಂಗೋಲಿ ಅಂಟಿಸಿ 'ಇದು ನಮ್ಮ ಸಂಸ್ಕೃತಿ' ಎಂದರೆ ಅದು ಮದುವೆ ಚಪ್ಪರದ ಥರ್ಮೊಕೋಲ್ ಕಂಬದ ಹಾಗೆ. ಮರುದಿನ ಕಿತ್ತಿಡಬಹುದು. ನಮ್ಮದು ಎನ್ನುವುದು ಕೈಯ ಒಳಗೆ ಇಳಿಯಬೇಕು. ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಮುಂಬಯಿಯಲ್ಲಿ ಓದಿ, ಪ್ಯಾರಿಸ್ಸಿಗೂ ಹೋಗಿ ಕಲಿತವರು. ಅಂಥವರು ಲಯ ತಿಳಿಯಬೇಕೆಂದು ಗುರುಗಳ ಹತ್ತಿರ ಕಥಕ್ ನೃತ್ಯ ಕಲಿತರು. ಕಾಲಿನಲ್ಲಿ ಕಲಿತ ಲಯ ಅವರ ಗೆರೆಯಲ್ಲಿ ಬಂತು. ನಿನಗೂ ಅಂಥದೊಂದು ಅಭ್ಯಾಸ ಬೇಕು. ದಿನಕ್ಕೆ ಒಂದು ಪುಟ ಕನ್ನಡ ಗಟ್ಟಿಯಾಗಿ ಓದಿದರೂ ಸಾಕು. ಬೇಂದ್ರೆಯವರ ಮರ ವಾಸುದೇವರಿಗೆ ಸಿಕ್ಕಿದ್ದು ಕನ್ನಡದ ಮೂಲಕವೇ ಅಲ್ಲವೇ? ಭಾಷೆ ಕೈಬಿಟ್ಟರೆ ಆ ಹಿತ್ತಲಿನ ಬಾಗಿಲೇ ಮುಚ್ಚಿಹೋಗುತ್ತದೆ. ಈ ಮಾತಿನಲ್ಲಿ ಮಾತ್ರ ನಾನು ನಿಮ್ಮ ತಾಯಿತಂದೆಯರ ಪಕ್ಷ.

ಹಾಗೆಂದು ಮೈಸೂರು ಮಾತ್ರವೇ ನಿಮ್ಮ ಊರಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾವಿರುವ ಊರನ್ನೇ ನಾವು ನೋಡುವುದಿಲ್ಲ. ನಮ್ಮ ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ದೇವಸ್ಥಾನದಲ್ಲಿ ಆದಿಪುರೀಶ್ವರನಿಗೆ ವರ್ಷವೆಲ್ಲ ಕವಚ. ಕಾರ್ತಿಕ ಹುಣ್ಣಿಮೆಗೆ ಮೂರು ದಿನ ಮಾತ್ರ ಅದನ್ನು ತೆಗೆಯುತ್ತಾರೆ. ಅಲ್ಲಿಯ ಸ್ಥಳವೃಕ್ಷ ಮಗಿಳಂ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಮಿಳು ಬರುತ್ತಿರಲಿಲ್ಲ. ಮಗಿಳಂ ಎಂದರೆ ಯಾವ ಮರವೋ ಎಂದುಕೊಂಡಿದ್ದೆ. ಹೂವಿನ ಪರಿಮಳ ಮೂಗಿಗೆ ಬಂದಾಗ ಗೊತ್ತಾಯಿತು, ಅದು ನಮ್ಮ ದಕ್ಷಿಣ ಕನ್ನಡದ ರೆಂಜೆ. ಪುಸ್ತಕದ ಕನ್ನಡದಲ್ಲಿ ಬಕುಲ. ಆ ಮರದ ಕಥೆಯೂ ಇದೆ. ಶಿವಭಕ್ತ ಸುಂದರಮೂರ್ತಿ ಈ ಊರಿನ ಸಂಗಿಲಿಯನ್ನು ಮದುವೆಯಾಗಬೇಕಾದರೆ 'ನಿನ್ನನ್ನು ಬಿಟ್ಟುಹೋಗುವುದಿಲ್ಲ' ಎಂದು ಆಣೆ ಇಡಬೇಕಾಯಿತು. ಗರ್ಭಗುಡಿಯಲ್ಲಿ ಆಣೆ ಇಡುವ ಹೊತ್ತಿಗೆ ದೇವರು ಹೊರಗಿನ ಮಗಿಳಂ ಮರದಲ್ಲಿ ಇರಲಿ ಎಂದು ಅವನು ಉಪಾಯ ಹೂಡಿದ. ದೇವರು ಆ ಗುಟ್ಟನ್ನು ಹುಡುಗಿಗೇ ಹೇಳಿಬಿಟ್ಟ. ಅವಳು ಮರದ ಕೆಳಗೇ ಆಣೆ ಇಡಿಸಿಕೊಂಡಳು. ಆಮೇಲೆ ಅವನು ಮಾತು ಮುರಿದು ಊರು ಬಿಟ್ಟ, ಕಣ್ಣು ಕಳೆದುಕೊಂಡ. ಊರು ಬಿಟ್ಟವರಿಗೆಲ್ಲ ಕಣ್ಣು ಹೋಗುತ್ತದೆ ಎಂದಲ್ಲ. ಮೈಸೂರು ಬಿಟ್ಟು ಬಂದ ವಾಸುದೇವರಿಗೆ ಇಲ್ಲಿ ಕಣ್ಣು ತೆರೆಯಿತು. ಹೋದದ್ದಕ್ಕೆ ತೊಂದರೆಯಿಲ್ಲ, ಕೊಟ್ಟ ಮಾತನ್ನು ಮರೆತರೆ ತೊಂದರೆ.

ಈ ಮರವೂ ಈ ಕಥೆಯೂ ನಿಮ್ಮವು, ಏಕೆಂದರೆ ನೀವು ಬೆಳೆದದ್ದು ಇದರ ನೆರಳಿನಲ್ಲಿ. ಒಂದು ಭಾನುವಾರ ನಾಲ್ಕೈದು ಜನ ಸೇರಿ ಚೋಳಮಂಡಲಕ್ಕೆ ಹೋಗಿಬನ್ನಿ. 2021ರಲ್ಲಿ ಮೆಟ್ರೊ ವಿಮ್ಕೊ ನಗರದವರೆಗೆ ಬಂದ ಮೇಲೆ ಅರ್ಧ ದಾರಿ ಸಲೀಸು, ಉಳಿದದ್ದಕ್ಕೆ ಬಸ್ಸು ಇದೆ. ಮದರಾಸಿನ ಈ ಕಲಾ ಚಳವಳಿಯವರ ಕೃತಿಗಳನ್ನಿಟ್ಟ ವಸ್ತುಸಂಗ್ರಹಾಲಯ ಅಲ್ಲಿ 2009ರಲ್ಲಿ ತೆರೆಯಿತು. ಚಿತ್ರದ ಹತ್ತಿರ ಹೋಗಿ, ಮುಟ್ಟದೆ, ಮಗ್ಗುಲಿನಿಂದ ನೋಡಿ. ಬಣ್ಣ ಎಲ್ಲಿ ಹಚ್ಚಿದ್ದು, ಎಲ್ಲಿ ಕೆರೆದದ್ದು ಎಂದು ಹುಡುಕಿ.

ಬಂದ ಮೇಲೆ ನೀವೂ ಒಂದು ಮರ ಬರೆಯಿರಿ. ಎಣ್ಣೆಬಣ್ಣವೋ, ಪೆನ್ಸಿಲೋ, ಕಂಪ್ಯೂಟರೋ, ಯಾವುದಾದರೂ ಸರಿ. ಕೆಳಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿರಬೇಕು, ಅಷ್ಟೇ ನನ್ನ ನಿಬಂಧನೆ. ರಾಜ್ಯೋತ್ಸವದ ದಿನ ಸಂಘದ ಸಭಾಂಗಣದಲ್ಲಿ ವೇದಿಕೆಯ ಎಡಗಡೆಯ ಗೋಡೆಯನ್ನು ನಿಮಗಾಗಿ ಖಾಲಿ ಬಿಡಿಸಲು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಮೊಳೆ ಹೊಡೆಯಲು ಸುತ್ತಿಗೆ ನಾನು ತರುತ್ತೇನೆ.